ಎರಡನೆಯ ಗುಳಿಗೆ

೧೧ ಜೂನ್ ೨೦೨೪, ಮಂಗಳವಾರ

ದಿನಚರಿ ಬರೆಯಬೇಕೆಂದು ಹೇಳಿದವರು ಡಾಕ್ಟರ್ ಸುಮೇಧಾ. ಅವರಿಗೆ ವಯಸ್ಸು ಮೂವತ್ತೈದರ ಮೇಲಿಲ್ಲ. ನನಗೆ ಎಪ್ಪತ್ತು. ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವಳಿಗೆ ಮನೆಗೆಲಸ ಕೊಟ್ಟಿದ್ದಾರೆ: "ದಿನಾ ಒಂದೆರಡು ಸಾಲು ಬರೀರಿ, ಅಕ್ಕಾರ." ಒಂದೋ ಎರಡೋ ಖಚಿತವಾಗಿ ಹೇಳಿರೆಂದು ಕೇಳಬೇಕೆನ್ನಿಸಿತು. ಕೇಳುವ ಶಕ್ತಿ ಇರಲಿಲ್ಲ.

ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ. ಕಳೆದ ದೀಪಾವಳಿಯ ನಂತರ ನನಗೆ ಓದು ಬೇಡವಾಯಿತು. ಸಂಕ್ರಾಂತಿಯ ಹೊತ್ತಿಗೆ ಊಟ ಬೇಡವಾಯಿತು. ನಸುಕಿನಲ್ಲೇ ಎಚ್ಚರವಾಗುತ್ತಿತ್ತು, ಏಳುವುದಕ್ಕೆ ಕಾರಣ ಸಿಗದೆ ಹತ್ತು ಗಂಟೆಯವರೆಗೆ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದೆ. ತೀರಿಹೋದ ತಂಗಿಯ ಮಗಳು ಆರತಿ ಸಪ್ತಾಪುರದ ಈ ಮನೆಯಲ್ಲಿ ನನ್ನ ಜೊತೆಗಿದ್ದಾಳೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಫೆಬ್ರುವರಿಯಲ್ಲಿ ಅವಳೇ ಹಟ ಹಿಡಿದು ಹುಬ್ಬಳ್ಳಿಯ ಚಿಕಿತ್ಸಾಲಯಕ್ಕೆ ಕರೆದೊಯ್ದಳು. ಧಾರವಾಡದಲ್ಲಿ ಮನೋವೈದ್ಯರಿಲ್ಲವೆಂದಲ್ಲ. ಧಾರವಾಡದಲ್ಲಿ ನನ್ನ ವಿದ್ಯಾರ್ಥಿನಿಯರಿಲ್ಲದ ಸ್ಥಳವಿಲ್ಲ.

ಖಿನ್ನತೆ ಎಂದರು. ಶಬ್ದ ಸರಿಯಾಗಿದೆ. ದಿನಕ್ಕೊಂದು ಬಿಳಿಯ ಗುಳಿಗೆ ಕೊಟ್ಟರು, ಏಪ್ರಿಲಿನಲ್ಲಿ ಅದರ ಪ್ರಮಾಣ ಹೆಚ್ಚಿಸಿದರು. ನಾಲ್ಕು ತಿಂಗಳಾದವು. ಒಂದು ದಿನವೂ ತಪ್ಪಿಸಿಲ್ಲ.

ಗುಣ ಬಂದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ.

೧೪ ಜೂನ್

ಮಳೆ. ಆರತಿ ಉಪ್ಪಿಟ್ಟು ಮಾಡಿಟ್ಟು ಕಾಲೇಜಿಗೆ ಹೋದಳು. ಸಂಜೆ ಬಂದು ಹಾಗೆಯೇ ಎತ್ತಿಟ್ಟಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

೨೫ ಜೂನ್, ಮಂಗಳವಾರ

ಇಂದು ಚಿಕಿತ್ಸಾಲಯ. ಆರತಿ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದಳು.

ಒಳಗೆ ಹೋಗುವ ಮುನ್ನ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡುತ್ತಾರೆ. ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ನಿದ್ರೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತೇ ಎಂಬಂಥವು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಮನೆ: ತೊಂದರೆ 'ಇಲ್ಲವೇ ಇಲ್ಲ' ಎಂಬುದರಿಂದ 'ದಿನವೂ ಇದೆ' ಎಂಬುದರವರೆಗೆ. ಎರಡು ಮುದ್ರಣದೋಷಗಳಿದ್ದವು, ತಿದ್ದಿದೆ. ಆಮೇಲೆ ಒಂಬತ್ತಕ್ಕೂ ಮೊದಲನೆಯ ಮನೆಯಲ್ಲಿ ಗುರುತು ಹಾಕಿದೆ. ಹಾಳೆಯೊಂದು ಮುಂದೆ ಬಂದರೆ, ಕೆಟ್ಟ ಅಂಕ ಬರುವ ಉತ್ತರವನ್ನು ತಿಳಿದೂ ತಿಳಿದೂ ಬರೆಯಲು ನನ್ನ ಕೈಗೆ ಬರುವುದಿಲ್ಲ. ಒಂಬತ್ತನೆಯದು, ಸತ್ತರೆ ಒಳ್ಳೆಯದೆಂಬ ವಿಚಾರ ಬರುತ್ತದೆಯೇ ಎಂಬ ಪ್ರಶ್ನೆ. ಅದಕ್ಕೂ 'ಇಲ್ಲವೇ ಇಲ್ಲ'. ಕೈ ತಡವರಿಸಲಿಲ್ಲ.

ಎದುರಿನ ಬಾಕಿನ ಮೇಲೆ ನನ್ನದೇ ವಯಸ್ಸಿನ ಹೆಂಗಸೊಬ್ಬಳಿದ್ದಳು. ಖಾದಿ ಸೀರೆ, ತಲೆಯ ಮೇಲೆ ಸೆರಗು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಸುಮ್ಮನೆ ಒಂದಕ್ಕೊಂದು ತಿಕ್ಕುತ್ತ, ಕಾಣದ ಏನನ್ನೋ ಹೊಸೆಯುತ್ತಿದ್ದಳು.

"ನಂದು ಮನಸಿನ ಜಡ್ಡು, ಎರಡ ಗುಳಿಗಿ ನಡದಾವು," ಎಂದಳು, ಇಡೀ ಕೋಣೆಗೆ ಕೇಳುವಂತೆ. "ನಿಮ್ದೇನ್ರಿ?"

"ನಿದ್ರೆಯ ಸಮಸ್ಯೆ," ಎಂದೆ.

"ಹಾಂ. ಮೊದಲ ನಾನೂ ಹಂಗ ಹೇಳ್ತಿದ್ನಿ."

ಗೋಡೆಯ ಗಡಿಯಾರ ನೋಡತೊಡಗಿದೆ.

ಡಾಕ್ಟರರು ಹಾಳೆ ನೋಡಿ, "ಭಾಳ ಛಲೋ ಸುಧಾರಣಿ ಅದ ಅಕ್ಕಾರ," ಎಂದರು. ಮತ್ತೆ ನನ್ನ ಮುಖವನ್ನೇ ನೋಡುತ್ತ ಕುಳಿತರು. "ಬ್ಯಾರೆ ಏನರೆ ಹೇಳೂದು ಅದ ಏನ್ರಿ?" ಎಂದು ಕೇಳಿ, ಅವಸರವಿಲ್ಲದವರಂತೆ ಕಾದರು. ಹೊರಗೆ ಹದಿನಾರು ಮಂದಿ ಇದ್ದರು. ತರಗತಿಯಲ್ಲಿ ಉತ್ತರಕ್ಕಾಗಿ ಹೀಗೆ ಕಾಯುವ ಶಿಕ್ಷಕಿ ಸಾವಿರಕ್ಕೊಬ್ಬಳು. ನಾನು ಕಾದವಳಲ್ಲ.

"ಏನೂ ಇಲ್ಲ," ಎಂದೆ. ಅದೇ ಬಿಳಿಯ ಗುಳಿಗೆಯನ್ನು ಮುಂದುವರಿಸಿದರು.

೩ ಜುಲೈ

ಬೆಳಗಾಗದಿದ್ದರೆ ಒಳ್ಳೆಯದಿತ್ತು ಎಂದು ಬರೆದಿದ್ದೆ. ಹೊಡೆದುಹಾಕಿದೆ. ಮತ್ತೆ ಬರೆಯುತ್ತೇನೆ, ಏಕೆಂದರೆ ಇದು ಯಾರೂ ನೋಡುವ ಹಾಳೆಯಲ್ಲ. ಬೆಳಗಾಗದಿದ್ದರೆ ಒಳ್ಳೆಯದಿತ್ತು. ಆರತಿಗೆ ಆಗುವ ತೊಂದರೆಯೊಂದೇ ಅಡ್ಡವಿದೆ. ಅದೂ ದಿನದಿಂದ ದಿನಕ್ಕೆ ತೆಳುವಾಗುತ್ತಿದೆ.

೨೩ ಜುಲೈ, ಮಂಗಳವಾರ

ಇಂದು ನಡೆದುದನ್ನು ಪೂರ್ತಿಯಾಗಿ ಬರೆಯಬೇಕು.

ಖಾದಿ ಸೀರೆಯವಳು ಬಂದು ನನ್ನ ಪಕ್ಕದಲ್ಲೇ ಕುಳಿತಳು. ಹೆಸರು ಹುಸೇನಬಿ, ಊರು ಗರಗ. ಅಲ್ಲಿಯ ಖಾದಿ ಕೇಂದ್ರದಲ್ಲಿ ನಲವತ್ತು ವರ್ಷಗಳಿಂದ ನೂಲುತ್ತಾಳೆ. ಮಗಳು ಹುಸ್ನಾಳನ್ನು ಹುಬ್ಬಳ್ಳಿಯ ಕಮರಿಪೇಟೆಗೆ ಕೊಟ್ಟಿದ್ದಾಳೆ; ಔಷಧಕ್ಕೆ ಬಂದಾಗ ಅಲ್ಲಿ ಇಳಿದುಕೊಳ್ಳುತ್ತಾಳೆ. ನಾನು ಕೇಳದೆಯೇ ಇದನ್ನೆಲ್ಲ ಹೇಳಿ, ತನ್ನ ಹಾಳೆಯನ್ನು ನನ್ನ ಮಡಿಲಿಗೆ ಹಾಕಿದಳು.

"ನನಗ ಓದಾಕ ಬರಂಗಿಲ್ಲ. ನೀವ ಓದ್ರಿ, ನಾ ಹೇಳ್ತೀನಿ, ನೀವ ಗೆರಿ ಹೊಡೀರಿ. ಸಾಲಿ ಅಕ್ಕಾರು ಹೌದಲ್ಲೋ ನೀವು?"

"ನಿಮಗೆ ಹೇಗೆ ತಿಳಿಯಿತು?"

"ಪೆನ್ನ ಹಿಡದ ಕೂಡೋ ರೀತಿ ನೋಡಿದ್ರ ಅಂಜಿಕಿ ಬರ್ತೈತ್ರಿ."

ಓದಿದೆ. ಪ್ರತಿ ಪ್ರಶ್ನೆಗೂ ಅವಳು ಕಣ್ಣು ಮುಚ್ಚಿ ಎರಡು ವಾರಗಳನ್ನು ನಿಜವಾಗಿ ನೆನಪಿಸಿಕೊಳ್ಳುತ್ತಿದ್ದಳು. ನಿದ್ರೆ? "ಛಲೋ. ಒಂದ ಮೂರ ದಿನ ಬರ್ಲಿಲ್ಲ." ಹಸಿವು? "ಐತಿ." ಒಂಬತ್ತನೆಯದು ಬಂದಾಗ ನಾನು ದನಿ ತಗ್ಗಿಸಿದೆ.

"ಗಟ್ಟಿ ಓದ್ರಿ ಅಕ್ಕಾರ, ಅದ ಮುಖ್ಯ. ಹೋದ ವರ್ಷ ದಿನಾ ಬರ್ತಿತ್ತು. ಒಂದ ಗುಳಿಗಿ ಇದ್ದಾಗೂ ಬರ್ತಿತ್ತು. ಎರಡನೇದು ಸುರು ಆದ ಮ್ಯಾಲೆ ಇಲ್ಲ. ಆದ್ರ ಹೋದ ವಾರ ಒಂದ ದಿನ ಬಂದ ಹೋತು. ಬರೀರಿ, 'ಕೆಲವು ದಿನ'ದಾಗ ಬರೀರಿ."

ಆ ಒಂದು ದಿನವನ್ನು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಷರ ಬಾರದ ಈ ಹೆಂಗಸಿನ ಪ್ರಾಮಾಣಿಕತೆಯನ್ನು ನೋಡಿ ನನ್ನ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು.

ಆಗ ಅವಳು ನಾನು ಮೊದಲೇ ತುಂಬಿಟ್ಟಿದ್ದ ನನ್ನ ಹಾಳೆಯತ್ತ ಬಗ್ಗಿದಳು. ಓದಲು ಬಾರದಿದ್ದರೂ ಗೆರೆಗಳು ಕಾಣುತ್ತವೆ.

"ನಿಮ್ವೆಲ್ಲಾ ಒಂದ ಸಾಲಾಗ ನಿಂತಾವಲ್ರಿ."

"ಹೌದು."

"ನಲವತ್ತ ವರ್ಷ ನೂತೀನಿ. ಇಷ್ಟ ಸಮ ನೂಲು ನನ್ನ ಕೈಲೆ ಒಂದ ದಿನಾನೂ ಬಂದಿಲ್ಲ." ಅವಳು ನಗಲಿಲ್ಲ. "ಇದು ಪರೀಕ್ಷಾ ಅಲ್ರಿ ಅಕ್ಕಾರ. ಇಲ್ಲಿ ಫೇಲ್ ಆದವರಿಗೇ ಔಷಧ ಸಿಗ್ತೈತಿ."

ನನ್ನ ಹಾಳೆಯನ್ನು ಹರಿದೆ. ಆಮೇಲೆ ಎದ್ದು ಹೋಗಿ ಇನ್ನೊಂದು ಹಾಳೆ ಕೇಳಿದೆ. ನನ್ನ ಆಯುಷ್ಯದಲ್ಲಿ ಬರೆದುದನ್ನು ಹರಿದು ಮತ್ತೊಂದು ಹಾಳೆ ಕೇಳಿದ್ದು ಇದೇ ಮೊದಲು.

ಡಾಕ್ಟರರು ಓದಿ ಪೆನ್ನು ಕೆಳಗಿಟ್ಟರು. ಹೋದ ತಿಂಗಳ ಹಾಳೆಯನ್ನು ತೆಗೆದು ತೋರಿಸಲಿಲ್ಲ. ನಾನಾಗಿದ್ದರೆ ತೋರಿಸುತ್ತಿದ್ದೆ. "ಇದನ್ನ ಬರೀಲಿಕ್ಕೆ ಭಾಳ ಕಷ್ಟ ಆಗಿರಬೇಕು," ಎಂದಷ್ಟೇ ಹೇಳಿ, ಒಂಬತ್ತನೆಯ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಮತ್ತೆ ಕೇಳಿದರು, ಯಾವ ಸಂಕೋಚವೂ ಇಲ್ಲದೆ, ಕೆಮ್ಮು ಎಷ್ಟು ದಿನದಿಂದ ಎಂದು ಕೇಳುವಂತೆ. ಉತ್ತರಿಸಿದೆ. ನನ್ನ ಒಪ್ಪಿಗೆ ಪಡೆದು ಆರತಿಯನ್ನು ಒಳಗೆ ಕರೆದರು. ಇನ್ನು ಗುಳಿಗೆಗಳು ಅವಳ ಬಳಿ ಇರಬೇಕು, ಅಂಥ ವಿಚಾರ ಹೆಚ್ಚಾದರೆ ಯಾವ ಹೊತ್ತಿನಲ್ಲಾದರೂ ತಮಗೆ ಫೋನು ಮಾಡಬೇಕು ಎಂದರು. ಆರತಿ ನನ್ನ ಕೈ ಹಿಡಿದುಕೊಂಡಿದ್ದಳು. ಬಹಳ ಬಿಗಿಯಾಗಿ ಹಿಡಿದಿದ್ದಳು.

ಬಿಳಿಯ ಗುಳಿಗೆಯೊಂದೇ ನನಗೆ ಸಾಲುತ್ತಿಲ್ಲವಂತೆ. ವಯಸ್ಸಾದವರಲ್ಲಿ ಹೀಗಾಗುವುದು ಅಪರೂಪವಲ್ಲವಂತೆ. ಅದನ್ನು ಬಿಟ್ಟು ಬೇರೆಯದನ್ನು ಕೊಡಬಹುದು, ಇಲ್ಲವೆ ಅದರ ಜೊತೆಗೇ ಇನ್ನೊಂದನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಬಹುದು. ನನಗೆ ಸೇರಿಸುವುದೇ ಒಳಿತೆಂದು ಅವರ ಅಭಿಪ್ರಾಯ. "ಇದರಾಗೂ ತೊಂದರಿ ಇರ್ತಾವ್ರಿ. ಕಾಲಿಗೆ ಚಡಪಡಿಕಿ, ತಲಿ ತಿರಗೂದು, ಬೀಳೂದು. ಏನಾದ್ರೂ ನನಗ ಹೇಳಬೇಕು. ಮುಚ್ಚಬಾರದು." ಕೊನೆಗೆ, ಒಂದು ಎಳೆ ಸಾಲದಿದ್ದಾಗ ಎರಡು ಎಳೆ ಕೂಡಿಸುವಂತೆ ಎಂದು ಉಪಮೆ ಕೊಟ್ಟರು.

ಹೊರಗೆ ಬಂದು ಉಪಮೆಯನ್ನು ಹುಸೇನಬಿಗೆ ಹೇಳಿದೆ.

"ಬಾಯಾರು ಡಾಕ್ಟರಕಿ ಛಲೋ ಮಾಡ್ತಾರ, ನೂಲಿನ ಸುದ್ದಿ ಯಾಕ ಬೇಕ್ರಿ ಅವ್ರಿಗೆ?" ಎಂದಳು. "ಎರಡ ಎಳಿ ಸುಮ್ನ ಬಾಜೂಕ ಇಟ್ರ ಹುರಿ ಆಕ್ಕೈತೇನು? ತಿರುವಬೇಕು. ಗುಳಿಗಿ ಅವರು ಕೊಡ್ತಾರ. ತಿರುವೂದು ನಮ್ಮ ಕೈಯಾಗ ಐತಿ. ನಾಳಿಗೆ ಎದ್ದು ಮಾರಿ ತೊಕ್ಕೊಳ್ರಿ, ಅಷ್ಟ."

೨೪ ಜುಲೈ

ಎರಡನೆಯ ಗುಳಿಗೆ ತಿಳಿಹಳದಿ, ಬೇಳೆಯಷ್ಟು. ಬೆಳಗಿನಿಂದ ನೋಡುತ್ತಿದ್ದೇನೆ.

ನಾನು ಎಂದೂ ಯಾರಿಗೂ ಕೃಪಾಂಕ ಕೊಟ್ಟವಳಲ್ಲ. ಮೂವತ್ತಮೂರು ಬಂದರೆ ಮೂವತ್ತಮೂರು. ಎರಡು ಸೇರಿಸಿ ಮೂವತ್ತೈದು ಮಾಡಿ ಪಾಸು ಮಾಡಲಿಲ್ಲ. ಈಗ ನನಗೇ ಎರಡು ಅಂಕ ಸೇರಿಸುತ್ತಿದ್ದಾರೆ. ಇದನ್ನು ಆರತಿಗೆ ಹೇಳಿದೆ.

"ದೊಡ್ಡವ್ವ, ನಿಮಗ ಓದಾಕ ಒಂದು ಚಸ್ಮಾ, ದೂರದ್ದು ನೋಡಾಕ ಒಂದು ಚಸ್ಮಾ. ಅದಕ್ಕ ಕೃಪಾಂಕ ಅಂದಿಲ್ಲಲ್ಲ?"

ರಸಾಯನಶಾಸ್ತ್ರದವರಿಗೆ ತರ್ಕ ಇರಬಾರದಷ್ಟು ಇರುತ್ತದೆ. ನುಂಗಿದೆ. ಒಪ್ಪಿದೆನೆಂದು ಇದರ ಅರ್ಥವಲ್ಲ.

ಮುಖ ತೊಳೆದುಕೊಂಡೆ.

೩೧ ಜುಲೈ

ಎರಡು ದಿನಗಳಿಂದ ಕಾಲು ನಿಲ್ಲುತ್ತಿಲ್ಲ. ಕುಳಿತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೂ ಸಮಾಧಾನವಿಲ್ಲ. ಪಡಸಾಲೆಯಲ್ಲಿ ಅರವತ್ತು ಸುತ್ತು ಹಾಕಿದೆ. ಸಹಿಸಿಕೊಂಡು ಸುಮ್ಮನಿರೋಣವೆಂದುಕೊಂಡೆ, ಮುಚ್ಚಬಾರದು ಎಂದದ್ದು ನೆನಪಾಗಿ ಫೋನು ಮಾಡಿದೆ. ಡಾಕ್ಟರರು ತಾವೇ ಎತ್ತಿದರು. ಎಂದಿನಿಂದ, ಎಷ್ಟು ಹೊತ್ತು, ಬಿದ್ದಿಲ್ಲ ತಾನೆ ಎಂದೆಲ್ಲ ಕೇಳಿ, ನಾಳೆಯಿಂದ ಅರ್ಧ ಗುಳಿಗೆ ಸಾಕೆಂದರು. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಎರಡು ನಿಮಿಷ ಕುಳಿತು ಏಳಬೇಕೆಂದರು. "ಫೋನ್ ಮಾಡಿದ್ದು ಭಾಳ ಛಲೋ ಮಾಡಿದ್ರಿ," ಎಂದರು.

ಶಭಾಷ್ ಅನ್ನಿಸಿಕೊಂಡು ಎಷ್ಟು ವರ್ಷವಾಗಿತ್ತು!

೮ ಆಗಸ್ಟ್

ಕಾಲಿನ ಚಡಪಡಿಕೆ ನಿಂತಿದೆ. ಎರಡನೆಯ ಗುಳಿಗೆಯಿಂದ ಬೇರೇನೂ ಆಗಿಲ್ಲ. ನಿಷ್ಪಕ್ಷಪಾತವಾಗಿ ದಾಖಲಿಸುತ್ತಿದ್ದೇನೆ.

ಆರತಿ ಮಾಡಿದ ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಹೇಳಿದೆ. ಅವಳು ಅಡುಗೆಮನೆಯಲ್ಲಿ ನಿಂತು ಅತ್ತಳು. ಇಷ್ಟು ಸಣ್ಣ ಮಾತಿಗೆ ಏಕೆ ಅಳಬೇಕೋ ತಿಳಿಯಲಿಲ್ಲ.

೨೦ ಆಗಸ್ಟ್, ಮಂಗಳವಾರ

ಚಿಕಿತ್ಸಾಲಯ ಮುಗಿದ ಮೇಲೆ ಹುಸೇನಬಿ ಕಮರಿಪೇಟೆಯ ಮಗಳ ಮನೆಗೆ ಎಳೆದೊಯ್ದಳು. "ಚಾ ಕುಡದು ಹೋಗ್ರಿ. ನಮ್ಮ ಮನ್ಯಾಗ ಕುಡೀತೀರಿಲ್ಲೋ?" ಎಂದು ಓಣಿಯ ನಡುವೆ ನಿಂತು ಕೇಳಿದಳು. ಪ್ರಶ್ನೆಯ ಹಿಂದಿನ ಪ್ರಶ್ನೆ ನನಗೆ ತಿಳಿಯಿತು. ಎರಡು ಕಪ್ಪು ಕುಡಿದೆ. ಹುಸ್ನಾ ಚುರುಮುರಿಯ ಗಿರ್ಮಿಟ್ ಮಾಡಿಕೊಟ್ಟಳು. ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಕರಿದು, ಉಪ್ಪು ಸವರಿ, ಮೇಲಿಟ್ಟಿದ್ದಳು. ಆರತಿಗೂ ಕಟ್ಟಿಸಿಕೊಂಡೆ.

ಮಗಳ ಮನೆಯಲ್ಲಿಯೂ ಒಂದು ಪೆಟ್ಟಿಗೆ ಚರಕ ಇಟ್ಟುಕೊಂಡಿದ್ದಾಳೆ. ನೂತು ತೋರಿಸಿದಳು. ಬಲಗೈ ಚಕ್ರ ತಿರುವುತ್ತದೆ. ಎಡಗೈ ಹತ್ತಿಯ ಸುರುಳಿಯನ್ನು, ಹಂಜಿಯನ್ನು, ಹಿಡಿದು ಹಿಂದೆ ಹಿಂದೆ ಸರಿಯುತ್ತದೆ, ಏನನ್ನೂ ಎಳೆಯುತ್ತಿಲ್ಲವೆಂಬಷ್ಟು ಹಗುರವಾಗಿ. ಹತ್ತಿಯ ಮೋಡದಿಂದ ಎಳೆ ಹೊರಡುವುದು ಎಲ್ಲಿ ಎಂದು ಕಣ್ಣಿಟ್ಟು ಹುಡುಕಿದೆ. ಸಿಗಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ 'ಏಕಾಗ್ರತೆ' ಎಂಬ ಶಬ್ದದ ಅರ್ಥ ಹೇಳಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಇಂದು.

"ಜಡ್ಡು ಜೋರ ಇದ್ದಾಗ," ಎಂದಳು, "ಒಂದ ಲಡಿ ನೂಲು ಮುಗಿಯೂದ್ರಾಗ ಮೂವತ್ತ ಸಲ ಎಳಿ ಹರೀತಿತ್ತು. ಕೇಂದ್ರದಾಗ ನನ್ನ ನೂಲು ಅಂದ್ರ ಒಂದನೇ ನಂಬರು. ಎಲ್ಲಾರೂ ಸುಮ್ನ ನೋಡೋರು. ಅದು ಆ ಒಂಬತ್ತನೇ ಪ್ರಶ್ನಿಗಿಂತ ಹೆಚ್ಚ ಸುಡೂದ್ರಿ."

ಗುಳಿಗೆಯಿಂದ ಬದಲಾವಣೆ ಇದೆಯೇ ಎಂದು ಇಂದು ಡಾಕ್ಟರರು ಕೇಳಿದರು. ಗಮನಕ್ಕೆ ಬಂದಿಲ್ಲವೆಂದು ನಿಜವನ್ನೇ ಹೇಳಿದೆ. ಅವರು ಹಾಳೆ ನೋಡಿ ಮುಗುಳ್ನಕ್ಕರು. ಬಸ್ಸಿನಲ್ಲಿ ಹಿಂದೆ ಬರುವಾಗ ಒಂದು ಅಂಗಡಿಯ ಫಲಕದಲ್ಲಿ ಮೂರು ತಪ್ಪು ಕಂಡೆ. ಹೋಗುವಾಗಲೂ ಅದು ಅಲ್ಲೇ ಇದ್ದಿರಬೇಕು.

೧೭ ಸೆಪ್ಟೆಂಬರ್, ಮಂಗಳವಾರ

ಮಾಳಿಗೆಯ ಮೇಲೆ ಬಾಡಿಗೆಗಿರುವ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಪ್ರಬಂಧಗಳನ್ನು ತಿದ್ದಿಕೊಡಲು ತಂದಿದ್ದಾರೆ. ಭಯಂಕರವಾಗಿವೆ. ನಿನ್ನೆ ಇಡೀ ಸಂಜೆ ಅದರಲ್ಲಿಯೇ ಹೋಯಿತು. ದಿನಚರಿಗೆ ವೇಳೆ ಸಿಗುತ್ತಿಲ್ಲ.

ಚಿಕಿತ್ಸಾಲಯದಲ್ಲಿ ಎಂದಿನಂತೆ ಹುಸೇನಬಿಯ ಹಾಳೆಯನ್ನು ನಾನೇ ತುಂಬಿದೆ. ಈ ಸಲ ಅವಳದು ಒಂಬತ್ತೂ ಪ್ರಶ್ನೆಗೆ 'ಇಲ್ಲವೇ ಇಲ್ಲ'. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೆಳಗೆ 'ಅತ್ಯುತ್ತಮ' ಎಂದು ಬರೆಯಲು ಕೈ ಹೋಯಿತು. ಅವಳು ಕಣ್ಣು ಮುಚ್ಚದೆಯೇ ಉತ್ತರ ಹೇಳಿದಳು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಚಳಿಯೇ ಎಂದು ಕೇಳಿದೆ.

"ಹೂಂ. ಚಳಿರಿ."

ನಾನು ಪ್ರಬಂಧಗಳ ತಪ್ಪುಗಳನ್ನು ಹೇಳಿ ಹೇಳಿ ನಗುತ್ತಿದ್ದೆ. ಅವಳು ಚಹಾಕ್ಕೆ ಕರೆಯಲಿಲ್ಲ.

೧೫ ಅಕ್ಟೋಬರ್, ಮಂಗಳವಾರ

ಹುಸೇನಬಿ ಬರಲಿಲ್ಲ. ಅವಳ ಬದಲು ಹುಸ್ನಾ ಬಂದು ಡಾಕ್ಟರರ ಬಾಗಿಲಲ್ಲಿ ನಿಂತಿದ್ದಳು.

"ಹದಿನೈದ ದಿನಾ ಆತ್ರಿ ಅಕ್ಕಾರ, ಅಮ್ಮಾ ಗರಗದಾಗ ಮಲಗ್ಯಾಳ. ಕೇಂದ್ರಕ್ಕ ಹೋಗವಲ್ಲಳು, ಉಣ್ಣವಲ್ಲಳು. ಕರಿಯಾಕ ಹೋದ್ರ ನನ್ನ ಮಾರಿ ಸೈತ ನೋಡ್ಲಿಲ್ಲ. ಎರಡನೇ ಗುಳಿಗಿ ಬಿಟ್ಟು ತಿಂಗಳ ಮ್ಯಾಲಾಗೈತಂತ. ಹಾಸಿಗಿ ಕೆಳಗ ಎಲ್ಲಾ ಹಂಗ ಸಿಕ್ಕಾವು."

ಒಂದು ತಿಂಗಳ ಮೇಲೆ. ಅಂದರೆ ಸೆಪ್ಟೆಂಬರಿನಲ್ಲಿಯೂ ತೆಗೆದುಕೊಳ್ಳುತ್ತಿರಲಿಲ್ಲ. ಒಂಬತ್ತು ಗುರುತುಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತಿದ್ದವು. ಅವನ್ನು ಹಾಕಿದ್ದು ನನ್ನ ಕೈ. ಅವಳು ನನ್ನ ಹಾಳೆಯನ್ನು ಒಂದೇ ನೋಟದಲ್ಲಿ ಹಿಡಿದಿದ್ದಳು. ಓದುಬರಹ ಬಲ್ಲ ನಾನು ಅವಳದನ್ನು ಹಿಡಿಯಲಿಲ್ಲ.

ಡಾಕ್ಟರರು ಹುಸ್ನಾಳನ್ನು ಕೂರಿಸಿ ಬಹಳ ಹೊತ್ತು ಮಾತನಾಡಿದರು. ಹೇಗಾದರೂ ಕರೆತರಬೇಕು, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬಾರದು ಎಂದರು. ಶುಕ್ರವಾರ ತಮ್ಮ ಸರದಿಯ ಮೊದಲನೆಯ ಜಾಗ ಅವಳಿಗಾಗಿ ಇಟ್ಟಿದ್ದಾರೆ.

"ನಾನು ಹೋಗುತ್ತೇನೆ," ಎಂದೆ.

೧೭ ಅಕ್ಟೋಬರ್, ಗುರುವಾರ, ಗರಗ

ಆರತಿಗೆ ಕಾಲೇಜು ಇತ್ತು. ಒಬ್ಬಳೇ ಹೊರಟೆ. ಬಸ್ಸಿನ ನಿರ್ವಾಹಕ ಟಿಕೆಟು ಕೊಡುತ್ತ, "ಅಜ್ಜಿ, ಜ್ವಾಕಿ, ಹಿಡಕೊಂಡ ಕೂಡ್ರಿ," ಎಂದ. ಅಜ್ಜಿಯಂತೆ! ಅವನ ತಾಯಿಗೆ ನಾನೇ ಪಾಠ ಕಲಿಸಿರಬಹುದು. ಆದರೂ ಹಿಡಿದುಕೊಂಡು ಕುಳಿತೆ.

ಹುಸೇನಬಿಯ ಸೊಸೆ ಬಾಗಿಲು ತೆರೆದಳು. ಹುಸೇನಬಿ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸ್ನಾನವಾಗಿ ಐದು ದಿನವಾಯಿತೆಂದು ಸೊಸೆ ಪಿಸುಗುಟ್ಟಿದಳು. ಆ ಬೆನ್ನು ನನಗೆ ಪರಿಚಿತವಾಗಿತ್ತು. ನಾನು ಎಂದೂ ನೋಡದ ನನ್ನದೇ ಬೆನ್ನು ಅದು.

ಗದರಿಸಬೇಕೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಳಕೆಗೆ ಬರಲಿಲ್ಲ. ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತೆ. ಒಂದು ತಾಸು ಕಳೆದಿರಬೇಕು. ಕಾಯುವುದು ಇಷ್ಟು ಕಷ್ಟವೆಂದು, ಡಾಕ್ಟರರು ಇದನ್ನು ದಿನವೂ ಮಾಡುತ್ತಾರೆಂದು, ಈಗ ತಿಳಿಯಿತು.

"ಯಾಕ ಬಂದ್ರಿ?" ಎಂದಳು ಕೊನೆಗೆ, ಗೋಡೆಗೆ.

"ನಿನ್ನ ಚಳಿ ಹೋತೋ ಇಲ್ಲೋ ನೋಡಾಕ ಬಂದೆ."

ಅವಳು ನಿಧಾನವಾಗಿ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಬೆರಳುಗಳು ಈಗ ಸ್ಥಿರವಾಗಿದ್ದವು.

"ಆ ಹಳದಿ ಗುಳಿಗಿ ತಗೊಂಡ್ರ ಮನಸ್ಸು ನೆಟ್ಟಗಿರ್ತಿತ್ತು, ಕೈ ನಡಗತಿತ್ತು. ನಿಮಗ ನೂತು ತೋರ್ಸಿದ್ನಲ್ಲ, ಅದರ ಮುಂದಿನ ವಾರ ಸುರು ಆತು. ನೂಲು ದಪ್ಪ ತೆಳ್ಳಗ ಬರಾಕ ಹತ್ತಿತು. ಕೇಂದ್ರದಾಗ ನನ್ನ ಲಡಿ ತಗದು ಎರಡನೇ ನಂಬರಿಗೆ ಒಗದ್ರು. ನಲವತ್ತ ವರ್ಷದಾಗ ಒಮ್ಮಿನೂ ಇಲ್ಲ. ಅದಕ್ಕ ಬಿಟ್ನಿ. ಬಿಟ್ಟ ಎರಡ ವಾರಕ್ಕ ಕೈ ನೆಟ್ಟಗಾತು." ಸ್ವಲ್ಪ ತಡೆದು, "ಕೈ ಒಂದ ನೆಟ್ಟಗಾತು ನೋಡ್ರಿ," ಎಂದಳು.

"ಡಾಕ್ಟರಿಗೆ ಯಾಕ ಹೇಳ್ಲಿಲ್ಲ?"

"ನಿಮಗ ಹೇಳಾಕ ಬಾಯಿ ಬರ್ಲಿಲ್ಲ, ಅವ್ರಿಗೆ ಏನ ಹೇಳ್ಲಿ? ನಿಮಗ ದೊಡ್ಡದಾಗಿ ಉಪದೇಶ ಮಾಡಿದಾಕಿ ನಾನು."

ಅಲ್ಲಿಂದಲೇ ಡಾಕ್ಟರ್ ಸುಮೇಧಾರಿಗೆ ಫೋನು ಮಾಡಿದೆ. ಧ್ವನಿವರ್ಧಕ ಹಚ್ಚಿ ಅವಳ ತಲೆದಿಂಬಿನ ಮೇಲಿಟ್ಟೆ.

"ಹುಸೇನಬಿಯವರ, ಕೈ ನಡಗೂದು ಗುಳಿಗಿದು, ನಿಮ್ದಲ್ಲ," ಎಂದಿತು ಡಾಕ್ಟರರ ದನಿ. "ಅದನ್ನ ಇಳಸಬಹುದು, ಇಲ್ಲಾ ಬದಲಿ ಬ್ಯಾರೆ ನೋಡಬಹುದು. ದಾರಿ ಅದಾವ. ನೂಲು ನಿಮಗ ಎಷ್ಟು ಮುಖ್ಯ ಅಂತ ನಾ ಕೇಳಬೇಕಾಗಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು. ನಾಳೆ ಬರ್ತೀರಿ?"

ಹುಸೇನಬಿ, ಒಬ್ಬ ವೈದ್ಯೆ ತನ್ನ ತಪ್ಪನ್ನು ಅಷ್ಟು ಸರಳವಾಗಿ ಒಪ್ಪಿಕೊಂಡದ್ದನ್ನು ಕೇಳಿ ಹೊರಳಿ ನನ್ನ ಕಡೆ ನೋಡಿದಳು. ಎಷ್ಟೋ ದಿನಗಳಿಂದ ಯಾರ ಮೇಲೂ ನಿಲ್ಲದ ಕಣ್ಣುಗಳು.

"ಅಕ್ಕಾರ, ಒಂದ ಮಾತ ಕೇಳ್ತೀನಿ. ಖರೇ ಹೇಳಬೇಕು. ಎರಡ ಗುಳಿಗಿ ತಗೊಂಡು ನಿಮಗ ಆರಾಮ ಆಗೈತೇನು?"

ಗೊತ್ತಿಲ್ಲವೆಂದು ಹೇಳಲು ಬಾಯಿ ತೆರೆದೆ. ಜುಲೈಯಿಂದ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಆದರೆ ಈ ಹೆಂಗಸಿಗೆ ಸುಳ್ಳು ಹೇಳಬಾರದು, ಹೌದೆಂಬ ಸುಳ್ಳನ್ನೂ ಹೇಳಬಾರದು, ಇಲ್ಲವೆಂಬ ಸುಳ್ಳನ್ನೂ ಹೇಳಬಾರದು. ಅವಳು ಮಾಡುತ್ತಿದ್ದಂತೆ ಕಣ್ಣು ಮುಚ್ಚಿ ಎರಡು ವಾರಗಳನ್ನು ನೆನಪಿಸಿಕೊಂಡೆ. ಇಂದು ಬೆಳಗ್ಗೆ ಐದೂವರೆಗೆ ಎದ್ದೆ, ಏಕೆಂದರೆ ಬಸ್ಸು ಹಿಡಿಯಬೇಕಿತ್ತು. ಸೋಮವಾರ ಮಾಳಿಗೆಯ ಹುಡುಗಿಯರ ಮೇಲೆ ಸಿಟ್ಟು ಬಂದಿತ್ತು. ಭಾನುವಾರ ಆರತಿಯ ಜೊತೆ ಬದನೆಕಾಯಿ ಕೊಂಡೆ, ಮುಟ್ಟಿ ಮುಟ್ಟಿ ಆರಿಸಿದೆ. ಬೆಳಗಾಗಬಾರದಿತ್ತೆಂದು ಕೊನೆಯ ಸಲ ಅನ್ನಿಸಿದ್ದು ಯಾವಾಗ ಎಂದು ಹುಡುಕಿದೆ. ಹುಡುಕುತ್ತ ಹೋದೆ. ಆ ದಿನ ಸಿಗಲಿಲ್ಲ.

"ಆಗೇತಿ," ಎಂದೆ.

ನನ್ನ ದನಿ ನನಗೇ ಹೊಸದಾಗಿತ್ತು. ಕಣ್ಣೀರು ಏಕೆ ಬಂತೋ.

"ಹಂಗಾದ್ರ ಅಳ್ತೀರ್ಯಾಕ?"

"ನನಗ ಇಷ್ಟೊತ್ತನ ಗೊತ್ತಿರಲಿಲ್ಲ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. "ನಾಳಿ ನೋಡೂಣು," ಎಂದು ಮತ್ತೆ ಗೋಡೆಗೆ ತಿರುಗಿದಳು. ಸೊಸೆಗೆ ನನ್ನ ಹಾಸಿಗೆಯನ್ನು ಇಲ್ಲಿಯೇ ಹಾಕಲು ಹೇಳಿದ್ದೇನೆ.

೧೮ ಅಕ್ಟೋಬರ್, ಶುಕ್ರವಾರ, ಬೆಳಿಗ್ಗೆ, ಗರಗ

ನಾನು ಏಳುವಷ್ಟರಲ್ಲಿ ಪಕ್ಕದ ಹಾಸಿಗೆ ಖಾಲಿಯಾಗಿತ್ತು. ಡಾಕ್ಟರರು ಹೇಳಿದಂತೆ ಅಂಚಿನಲ್ಲಿ ಎರಡು ನಿಮಿಷ ಕೂರಲಿಲ್ಲ. ಎದ್ದು ಹೊರಗೆ ಓಡಿದೆ.

ಸೊಸೆ ಒಲೆಯ ಮುಂದೆ ಕುಳಿತಿದ್ದಳು. ತುಟಿಗೆ ಬೆರಳಿಟ್ಟು, ಬಚ್ಚಲಿನ ಬಾಗಿಲನ್ನು ತೋರಿಸಿದಳು.

ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ನೀರು ಸುರಿದುಕೊಳ್ಳುವ ಸದ್ದು. ಒಂದು ತಂಬಿಗೆ. ಆಮೇಲೆ ಏನೂ ಇಲ್ಲ. ಕೈಯಲ್ಲಿ ತಂಬಿಗೆ ಹಿಡಿದು, ಮುಂದಿನದು ಏಕೆ ಎಂದು ಮರೆತು ಕುಳಿತಿರುತ್ತಾಳೆ. ಅದು ನನಗೆ ಗೊತ್ತು. ಕರೆಯಬಾರದು. ಸೊಸೆಯೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಾಳೆ.

ಇನ್ನೊಂದು ತಂಬಿಗೆ.

ಮತ್ತೊಂದು.

ಸೊಸೆ ರೊಟ್ಟಿ ಬಡಿಯತೊಡಗಿದಳು.

"ಅಕ್ಕಾರ," ಎಂದು ಒಳಗಿನಿಂದ ಕೂಗು, "ಬಸ್ಸ ಎಷ್ಟಕ್ಕೈತ್ರಿ?"

"ಒಂಬತ್ತಕ್ಕ! ಲಗೂ ಬಾ!"

ಬೀದಿಯ ಆಚೆ ಕಟ್ಟೆಯ ಮೇಲಿದ್ದ ಮುದುಕರಿಬ್ಬರು ಹೊರಳಿ ನೋಡಿದರು. ಇಡೀ ಓಣಿಗೆ ಕೇಳುವಂತೆ ಕೂಗಿದ್ದೇನೆ.